ಶನಿವಾರ ಕಂಡಿ ಮುಚ್ಚುವವನು

ಮಾನ್ಯ ಅಧ್ಯಕ್ಷರಾದ ವೆಂಕಟರಂಗಯ್ಯನವರೇ, ನನಗೂ ಇವತ್ತಿನ ಸನ್ಮಾನಿತನಿಗೂ ಒಂದೇ ಬೆತ್ತದಲ್ಲಿ ಲೆಕ್ಕ ಕಲಿಸಿದ ಮುಖ್ಯ ಅತಿಥಿಗಳಾದ ರಾಮಾಂಜಿನಯ್ಯ ಮೇಷ್ಟ್ರೇ, ಕಣ್ಣಿನ ಮೇಲೆ ಜಾರುತ್ತಿರುವ ಪೇಟವನ್ನು ಮೂರನೇ ಸಲ ಸರಿಮಾಡಿಕೊಳ್ಳುತ್ತಿರುವ ಸುಬೇದಾರ್ ಮೇಜರ್ ರಂಗನಾಥ್ ಅವರೇ, ಅವರ ಶ್ರೀಮತಿ ಸಂಧ್ಯಾ ಅವರೇ, ಕುಣಿಗಲ್, ಅಮೃತೂರು, ಹುತ್ರಿದುರ್ಗದ ಕಡೆಯಿಂದ ಬಂದಿರುವ ಮಾಜಿ ಸೈನಿಕ ಬಂಧುಗಳೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಕುಳಿತು ಈಗಾಗಲೇ ಅಡುಗೆಮನೆಯ ಕಡೆಗೆ ತಿರುಗಿರುವ ನನ್ನ ಪ್ರೀತಿಯ ಸಭಿಕರೇ,

ಅಭಿನಂದನಾ ನುಡಿಯನ್ನು ನಾನೇ ಆಡಬೇಕು ಎಂದು ಯಾರು ತೀರ್ಮಾನ ಮಾಡಿದರೋ ನನಗೆ ಇನ್ನೂ ಗೊತ್ತಾಗಿಲ್ಲ. ಆಹ್ವಾನ ಪತ್ರಿಕೆ ಮೊಬೈಲಿಗೆ ಬಂತು. ತೆರೆದು ನೋಡಿದರೆ ‘ಅಭಿನಂದನಾ ನುಡಿ: ಶ್ರೀ ಭೀಮರಾಜ್, ನಿವೃತ್ತ ಹವಾಲ್ದಾರ್’ ಎಂದಿದೆ. ಕಾರ್ಯದರ್ಶಿ ಅಂಜನಮೂರ್ತಿಯವರಿಗೆ ಫೋನು ಮಾಡಿದೆ. ಸ್ವಾಮಿ, ನಾನೂ ರಂಗನಾಥನೂ ಹದಿನಾಲ್ಕು ವರ್ಷದಿಂದ ಮಾತಾಡಿಲ್ಲ, ತಾಲ್ಲೂಕಿಗೆಲ್ಲ ಗೊತ್ತಿರುವ ವಿಷಯ ನಿಮಗೆ ಗೊತ್ತಿಲ್ಲವೇ ಎಂದು ಕೇಳಿದೆ. ಗೊತ್ತು, ಆದರೆ ಆ ಮನುಷ್ಯ ಸೈನ್ಯದಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಹೇಳಬಲ್ಲವರು ನೀವೊಬ್ಬರೇ ಎಂದರು. ಅವನನ್ನೇ ಕೇಳಬಹುದಿತ್ತಲ್ಲ ಎಂದೆ. ಕೇಳಿದರಂತೆ. ‘ಹೇಳೋ ಹಾಗಿಲ್ಲ’ ಎಂದನಂತೆ. ನೋಡಿ, ಸನ್ಮಾನಕ್ಕೆ ಒಪ್ಪಿಕೊಂಡ, ಶಾಲು ಹೊದ್ದುಕೊಂಡ, ಯಾಕೆ ಸನ್ಮಾನ ಎಂದರೆ ಹೇಳುವ ಹಾಗಿಲ್ಲ! ಇಂಥವನ ಜೊತೆ ನಾನು ಹತ್ತೊಂಬತ್ತು ವರ್ಷ ನೌಕರಿ ಮಾಡಿದ್ದೇನೆ ಸಭಿಕರೇ. ಮೊದಲು ನನಗೆ ಸನ್ಮಾನ ಮಾಡಬೇಕಿತ್ತು.

ನಿರೂಪಣೆ ಮಾಡುತ್ತಿರುವ ಭಾನುಪ್ರಿಯಾ ಮೇಡಂ ಬಹಳ ಚೆನ್ನಾಗಿ ಮಾತಾಡಿದರು. ರಂಗನಾಥ್ ಅವರು ಕೊರೆಯುವ ಹಿಮದಲ್ಲಿ ಬಂದೂಕು ಹಿಡಿದು ನಿಂತು ನಮ್ಮನ್ನು ಕಾಯ್ದರು ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅಮ್ಮಾ, ತಪ್ಪು ತಿಳಿಯಬೇಡಿ. ಅವನು ಕಾಯ್ದಿದ್ದು ಕಿಟಕಿಯಿಲ್ಲದ ಒಂದು ಏಸಿ ರೂಮನ್ನು. ಚಳಿ ಇತ್ತು, ಇಲ್ಲ ಎನ್ನುವುದಿಲ್ಲ. ಮಿಷನ್ನುಗಳಿಗೆ ಸೆಕೆ ಆಗಬಾರದು ಎಂದು ಮೇ ತಿಂಗಳಲ್ಲಿ ನಾವು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆವು. ಹಿಮ ಕಂಡಿದ್ದು ಮೆಸ್ಸಿನ ಫ್ರಿಜ್ಜಿನಲ್ಲಿ ಮಾತ್ರ.

ಹಾಗಾದರೆ ಮಾಡಿದ್ದೇನು? ಹೇಳಬಹುದಾದಷ್ಟನ್ನು ಹೇಳುತ್ತೇನೆ. ಸೈನ್ಯಕ್ಕೆ ತನ್ನದೇ ಆದ ದೊಡ್ಡ ಕಂಪ್ಯೂಟರ್ ನೆಟ್‌ವರ್ಕ್ ಇರುತ್ತದೆ. ಯಾವ ತುಕಡಿ ಎಲ್ಲಿಗೆ ಹೋಗಬೇಕು, ಯಾವ ಲಾರಿಯಲ್ಲಿ ಏನು ಬರುತ್ತದೆ, ಯಾರಿಗೆ ರಜೆ, ಯಾರಿಗೆ ವರ್ಗ, ಎಲ್ಲ ಅದರೊಳಗೆ ಓಡಾಡುತ್ತದೆ. ನೀವು ನಾವು ಮೊಬೈಲಿನಲ್ಲಿ ನೋಡುವ ಇಂಟರ್‌ನೆಟ್ಟಿಗೂ ಅದಕ್ಕೂ ನೆಂಟಸ್ತಿಕೆ ಇರಬಾರದು. ಆದರೆ ಯಾವುದೇ ದೊಡ್ಡ ಮನೆಯೂ ಪೂರ್ತಿ ಬಾಗಿಲು ಮುಚ್ಚಿಕೊಂಡು ಬದುಕುವುದಿಲ್ಲವಲ್ಲ. ಒಂದು ನೆಟ್‌ವರ್ಕು ಇನ್ನೊಂದನ್ನು ಮುಟ್ಟಲೇಬೇಕಾದ ಕೆಲವು ಜಾಗ ಇರುತ್ತವೆ. ಅಲ್ಲಿ ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು, ಯಾರ ಅಪ್ಪಣೆಯ ಮೇಲೆ, ಎಷ್ಟು ದಿನ ಎಂದು ನೋಡಿಕೊಳ್ಳುವುದು ಒಂದು ಕೆಲಸ. ಅದು ರಂಗನಾಥನ ಕೆಲಸ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಈಗಲೇ ಎದ್ದು ಬಂದು ಮೈಕು ಕಿತ್ತುಕೊಳ್ಳುತ್ತಾನೆ.

ಹೊರಗಿನಿಂದ ಬಾಗಿಲು ತಟ್ಟುವವರು ಇದ್ದರೇ? ಇದ್ದರು. ದಿನಕ್ಕೆ ಸಾವಿರಾರು ಸಲ ತಟ್ಟುತ್ತಿದ್ದರು. ಅವರಿಂದ ನಮಗೆ ತಲೆನೋವು ಇರಲಿಲ್ಲ, ಏಕೆಂದರೆ ಅವರು ಶತ್ರುಗಳು. ಶತ್ರು ನಿಮಗೆ ಫೋನು ಮಾಡಿ ಊಟ ಆಯಿತೇ ಎಂದು ಕೇಳುವುದಿಲ್ಲ. ಕೇಳುವವರು ನಮ್ಮವರು. ಇಲ್ಲಿ ತೆಂಗಿನ ತೋಟ ಇರುವವರು ಎಷ್ಟು ಜನ ಇದ್ದೀರಿ? ಬೇಲಿ ಎಲ್ಲಿ ಹಾಳಾಗುತ್ತದೆ ಹೇಳಿ. ಹಂದಿ ನುಗ್ಗುವ ಕಡೆಯೇ? ಅಲ್ಲ, ನೆಂಟರು ದಾಟುವ ಕಡೆ. ಹಸುವಿಗೆ ನೀರು ಕುಡಿಸಿಕೊಂಡು ಬರುತ್ತೇನೆ, ಎರಡೇ ದಿನ ಎಂದು ಚಿಕ್ಕಪ್ಪನಿಗೆ ಬಿಟ್ಟ ಕಂಡಿ, ಅವನ ಮೊಮ್ಮಕ್ಕಳ ಕಾಲಕ್ಕೆ ಗಾಡಿದಾರಿ ಆಗಿರುತ್ತದೆ. ಆಮೇಲೆ ಮುಚ್ಚಲು ಹೋದರೆ ಸರ್ವೆಯವರು ಬರಬೇಕು, ಪೊಲೀಸರು ಬರಬೇಕು.

ಅಲ್ಲೂ ಅದೇ ಕಥೆ. ಒಬ್ಬ ಮೇಜರ್ ಸಾಹೇಬರಿಗೆ ಎರಡು ದಿನದ ಮಟ್ಟಿಗೆ ಒಂದು ಕಂಡಿ ಬೇಕು. ಇನ್ನೊಬ್ಬ ಕರ್ನಲ್ ಸಾಹೇಬರಿಗೆ ಪರೀಕ್ಷೆಗೆ ಮಾತ್ರ ಬೇಕು. ಕೊಟ್ಟಾಯಿತು. ಸಾಹೇಬರು ವರ್ಗವಾಗಿ ಹೋದರು, ಕಂಡಿ ಉಳಿಯಿತು. ರಂಗನಾಥ ಆ ವಿಭಾಗಕ್ಕೆ ಬಂದ ದಿನ ಇಂಥ ತಾತ್ಕಾಲಿಕ ಕಂಡಿಗಳು ನಾನೂರು ಚಿಲ್ಲರೆ ಇದ್ದವು. ಯಾರದು, ಯಾಕೆ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಮುಚ್ಚಲು ಎಲ್ಲರಿಗೂ ಭಯ. ಇವನು ಏನು ಮಾಡಿದ ಗೊತ್ತೇ? ಒಂದು ರಿಜಿಸ್ಟರ್ ಇಟ್ಟ. ಪ್ರತಿ ಶನಿವಾರ ಬೆಳಿಗ್ಗೆ, ಹೇಳುವವರು ಕೇಳುವವರು ಇಲ್ಲದ ಹತ್ತು ಕಂಡಿಗಳನ್ನು ಮುಚ್ಚಿ, ಫೋನಿನ ಪಕ್ಕ ಚಹಾ ಇಟ್ಟುಕೊಂಡು ಕೂರುತ್ತಿದ್ದ.

‘ಮುಚ್ಚು ಭೀಮ. ಬೇಕಾದೋರು ಕೂಗ್ತಾರೆ’ ಎನ್ನುತ್ತಿದ್ದ.

ಕೂಗಿದರೆ ಕ್ಷಮೆ ಕೇಳಿ, ಕಾರಣ ಬರೆದುಕೊಂಡು, ಆ ಕ್ಷಣವೇ ತೆರೆಯುತ್ತಿದ್ದ. ಒಂದು ವಾರ ಯಾರೂ ಕೂಗದಿದ್ದರೆ ಅದು ಯಾರಿಗೂ ಬೇಕಿಲ್ಲದ ದಾರಿ, ಶಾಶ್ವತವಾಗಿ ಮುಚ್ಚಿತು. ಬಯ್ಯದ ಅಧಿಕಾರಿ ಇರಲಿಲ್ಲ. ಇವನಿಗೆ ಕೋಪ ಬರುತ್ತಿರಲಿಲ್ಲ, ಅದೇ ಎಲ್ಲರಿಗೂ ಹೆಚ್ಚು ಕೋಪ ತರಿಸುತ್ತಿತ್ತು. ಮೇಷ್ಟ್ರಿಗೆ ನೆನಪಿರಬೇಕು. ಎಂಟನೇ ಕ್ಲಾಸಿನಲ್ಲಿ ಇವನನ್ನು ಮಾನಿಟರ್ ಮಾಡಿದ್ದಿರಿ, ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆ ಎಂದಿದ್ದಿರಿ. ನೀವು ವಾಪಸ್ ಬಂದು ನೋಡಿದರೆ ಮೊದಲನೇ ಹೆಸರು ರಂಗನಾಥ. ಯಾಕೋ ಎಂದರೆ, ಸುಮ್ಮನಿರಿ ಎಂದು ಕೂಗಿದ್ದು ನಾನೇ ಸಾರ್ ಎಂದ. ನೀವು ನಕ್ಕಿರಿ. ನಕ್ಕು ಅವನನ್ನು ಹಾಳು ಮಾಡಿದಿರಿ ಮೇಷ್ಟ್ರೇ. ಅವತ್ತು ಎರಡು ಕೊಟ್ಟಿದ್ದರೆ ನನ್ನ ಜೀವನ ಬೇರೆ ಆಗುತ್ತಿತ್ತು.

ಭಾನುಪ್ರಿಯಾ ಮೇಡಂ ಚೀಟಿ ಕಳಿಸಿದ್ದಾರೆ, ಐದು ನಿಮಿಷ ಎಂದು. ಹದಿನಾಲ್ಕು ವರ್ಷವನ್ನು ಐದು ನಿಮಿಷಕ್ಕೆ ಇಳಿಸುವುದು ಹೇಗೆ ತಾಯಿ? ಪ್ರಯತ್ನ ಮಾಡುತ್ತೇನೆ.

ಎರಡು ಸಾವಿರದ ಹನ್ನೊಂದು. ನನ್ನ ತಂಗಿ ಶಶಿಕಲಾ ಮದುವೆ ಗೊತ್ತಾಯಿತು. ಅಗೋ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ತಲೆ ತಗ್ಗಿಸಬೇಡ ಕಣಮ್ಮ. ಅಪ್ಪ ಇಲ್ಲದ ಮನೆ, ಗಂಡುಮಕ್ಕಳಲ್ಲಿ ನಾನೇ ಹಿರಿಯ. ನಾನು ಸೈನ್ಯದಲ್ಲಿ ಹವಾಲ್ದಾರ್, ನಾಯಬ್ ಸುಬೇದಾರ್ ಆಗುವವರ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ರಂಗನಾಥ ಆಗಲೇ ನಾಯಬ್ ಸುಬೇದಾರ್. ಲಗ್ನಪತ್ರಿಕೆ ಎಂದರೆ ನಮ್ಮ ಕಡೆ ಏನು ಎಂದು ನಿಮಗೆ ನಾನು ಹೇಳಬೇಕಿಲ್ಲ. ಹುಡುಗನ ಹೆಸರು ತಪ್ಪಿದರೂ ನಡೆದೀತು, ಸೋದರಮಾವನ ಹೆಸರು ಬಿಟ್ಟುಹೋದರೆ ನಡೆಯುವುದಿಲ್ಲ. ಹಿಂದೆ ನಮ್ಮ ಅಕ್ಕನ ಮದುವೆ ಪತ್ರಿಕೆಯಲ್ಲಿ ಮಾವನ ಹೆಸರು ಬಿಟ್ಟುಹೋಗಿ, ಅವರು ಎಂಟು ವರ್ಷ ನಮ್ಮ ಮನೆ ಮೆಟ್ಟಿಲು ಹತ್ತಿರಲಿಲ್ಲ. ನಮ್ಮವ್ವ ಪುಟ್ಟಗಂಗಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಅಚ್ಚಿಗೆ ಹೋಗುವ ಮುಂಚೆ ನೀನು ಕಣ್ಣಾರೆ ನೋಡು, ನೀನು ಸರಿ ಅನ್ನೋವರೆಗೂ ಪ್ರೆಸ್ಸಿನೋನಿಗೆ ಹೂಂ ಅನ್ನಲ್ಲ.

ಪ್ರೆಸ್ಸಿನವನು ಪತ್ರಿಕೆಯನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟಿದ್ದ. ರಜೆ ಮುಗಿಸಿ ಅದನ್ನು ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದೆ. ಅಲ್ಲಿ ಹೋಗಿ ಇಂಟರ್‌ನೆಟ್ ಅಂಗಡಿಯಲ್ಲಿ ತೆರೆಸಿದರೆ ಕನ್ನಡವೇ ಇಲ್ಲ, ಬರೀ ಚುಕ್ಕಿ, ಡಾಲರು, ಪ್ರಶ್ನೆ ಗುರುತು. ಆ ಪ್ರೆಸ್ಸಿನ ಕನ್ನಡ ಅಕ್ಷರಗಳ ಪ್ರೋಗ್ರಾಮನ್ನು ಮೊದಲು ಹಾಕಿಕೊಳ್ಳಬೇಕಂತೆ, ಅದೂ ಅದೇ ಪೆನ್ ಡ್ರೈವಿನಲ್ಲಿ ಇದೆಯಂತೆ. ಅಂಗಡಿಯವನು, ನಿಮ್ಮ ಊರಿನ ಪ್ರೋಗ್ರಾಂ ನನ್ನ ಕಂಪ್ಯೂಟರಿಗೆ ಬೇಡ ಎಂದು ಕೈಮುಗಿದ. ಅವನಿಗಿದ್ದ ಬುದ್ಧಿ ನನಗೆ ಇರಲಿಲ್ಲ. ಮದುವೆಗೆ ಇಪ್ಪತ್ತು ದಿನ. ಅವ್ವ ದಿನಕ್ಕೆ ಎರಡು ಸಲ ಫೋನು. ನಾನು ಪೆನ್ ಡ್ರೈವನ್ನು ಕಾಲುಚೀಲದಲ್ಲಿ ಇಟ್ಟುಕೊಂಡು ಆಫೀಸಿನ ಒಳಗೆ ಹೋದೆ. ಒಳಗಿನ ನೆಟ್‌ವರ್ಕಿನ ಕಂಪ್ಯೂಟರಿಗೆ ಹಾಕಿದೆ. ಅಕ್ಷರದ ಪ್ರೋಗ್ರಾಂ ಹಾಕಿದೆ. ಪತ್ರಿಕೆ ತೆರೆಯಿತು. ಗಣಪತಿ ಬಂದ, ಶ್ಲೋಕ ಬಂತು, ತಂಗಿ ಹೆಸರು ಬಂತು. ಸೋದರಮಾವನ ಹೆಸರು ಇರಲಿಲ್ಲ ಸಭಿಕರೇ! ನೋಡಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಇಪ್ಪತ್ತು ನಿಮಿಷದಲ್ಲಿ ರಂಗನಾಥ ನನ್ನ ಮೇಜಿನ ಮುಂದೆ ನಿಂತಿದ್ದ. ಕೈಯಲ್ಲಿ ಒಂದು ಕಾಗದ, ಆಗಲೇ ಬರೆದ ವರದಿ. ಆ ಅಕ್ಷರಗಳ ಜೊತೆಯಲ್ಲಿ ಇನ್ನೇನೋ ಒಳಗೆ ಬಂದಿತ್ತು. ಬಂದಿದ್ದು ಸುಮ್ಮನೆ ಕೂರದೆ ಹೊರಗಡೆ ಯಾರನ್ನೋ ಕರೆಯಲು ಹೋಗಿ ಬೇಲಿಯ ಹತ್ತಿರ ಸಿಕ್ಕಿಬಿದ್ದಿತ್ತು. ನಮ್ಮ ಇಡೀ ಕಟ್ಟಡದ ಲೈನನ್ನು ಅವನು ಕಡಿದುಹಾಕಿದ್ದ. ಹೊರಗೆ ಏನೂ ಹೋಗಲಿಲ್ಲ ಎಂದು ಆಮೇಲೆ ನನಗೆ ಹೇಳಿದರು. ಹೋಗಿದ್ದರೂ ನನಗೆ ಹೇಳುತ್ತಿರಲಿಲ್ಲ.

‘ಬೆಳಿಗ್ಗೆ ಹನ್ನೊಂದು ಹದಿನೇಳಕ್ಕೆ ಏನ್ಲಾ ಹಾಕ್ದೆ?’ ಎಂದು ಕೇಳಿದ.

ಹೇಳಿದೆ. ಲಗ್ನಪತ್ರಿಕೆ ತೋರಿಸಿದೆ. ಶಶಿ ಮದುವೆ, ನಿನಗೂ ತಂಗಿ ಇದ್ದ ಹಾಗೆ ಎಂದೆ. ಹುತ್ರಿದುರ್ಗದವನು ಇವನು, ಅಮೃತೂರಿನ ಸೋದರತ್ತೆ ಮನೆಯಲ್ಲಿ ಇದ್ದುಕೊಂಡು ಓದಿದವನು, ನಮ್ಮವ್ವ ಹಾಕಿದ ಮುದ್ದೆ ತಿಂದು ಬೆಳೆದವನು. ‘ಒಂದೇ ಸಾಲು ಕಣೋ ರಂಗ. ಅಳಿಸ್ಬುಡು’ ಎಂದೆ.

ಅವನು ಏನು ಹೇಳಬಹುದಿತ್ತು? ಆಗಲ್ಲ ಎನ್ನಬಹುದಿತ್ತು. ಬಯ್ಯಬಹುದಿತ್ತು. ಕಪಾಳಕ್ಕೆ ಹೊಡೆದಿದ್ದರೂ ನಾನು ಹೊಡೆಸಿಕೊಳ್ಳುತ್ತಿದ್ದೆ. ಅವನು ಆ ಕಾಗದವನ್ನು ನನ್ನ ಕಡೆಗೆ ತಿರುಗಿಸಿದ.

‘ಬರೆದಾಯ್ತು. ನಿನ್ನ ಹೆಸರು ಸರಿಯಾಗಿದ್ಯಾ ನೋಡ್ಕೋ’ ಎಂದ.

ಹೆಸರು ಸರಿಯಾಗಿತ್ತು. ನನ್ನ ಸರ್ವೀಸ್ ದಾಖಲೆಯಲ್ಲಿ ಕೆಂಪು ಶಾಯಿಯ ಎಂಟ್ರಿ ಬಿತ್ತು. ಪಟ್ಟಿಯಿಂದ ಹೆಸರು ಹೋಯಿತು. ಹವಾಲ್ದಾರ್ ಆಗಿದ್ದವನು ಹವಾಲ್ದಾರ್ ಆಗಿಯೇ ಮನೆಗೆ ಬಂದೆ. ಇಲ್ಲಿಯವರೆಗಿನ ಕಥೆ ನಿಮಗೆಲ್ಲ ಗೊತ್ತು, ಏಕೆಂದರೆ ಕುಣಿಗಲ್ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ನಾನೇ ಹೇಳಿದ್ದೇನೆ. ತಂಗಿ ಮದುವೆ ಪತ್ರಿಕೆ ನೋಡಿದ್ದಕ್ಕೆ ಜೊತೆಗಾರನನ್ನೇ ಹಿಡಿದುಕೊಟ್ಟ ಎಂದು ಎಷ್ಟು ಸಲ ಹೇಳಿದ್ದೇನೋ. ನೀವೂ ಅಯ್ಯೋ ಪಾಪ ಎಂದಿದ್ದೀರಿ. ಕಾಫಿ ಕುಡಿಸಿದ್ದೀರಿ.

ಆ ಕಾಫಿಯ ಋಣ ತೀರಿಸಬೇಕು ಎಂದೇ ಇವತ್ತು ಮೈಕಿನ ಮುಂದೆ ನಿಂತಿದ್ದೇನೆ. ಚೀಟಿ ಮತ್ತೆ ಬಂತು. ಬರಲಿ.

ನಾನು ಈಗ ತುಮಕೂರಿನ ಸತ್ಯಮಂಗಲದಲ್ಲಿ ಒಂದು ಸಣ್ಣ ಕಾರ್ಖಾನೆಯ ಸೆಕ್ಯುರಿಟಿ ಸೂಪರ್‌ವೈಸರ್. ಅಲ್ಲಿ ಒಂದು ಡ್ರಾಯಿಂಗ್ ರೂಮಿದೆ. ಗಿರಾಕಿಗಳ ನಕ್ಷೆ ಇರುತ್ತದೆ, ಮೊಬೈಲು ಒಯ್ಯುವ ಹಾಗಿಲ್ಲ. ಮೊಬೈಲು ಇಟ್ಟು ಹೋಗಲು ಬಾಗಿಲಲ್ಲಿ ಒಂದು ಪೆಟ್ಟಿಗೆ ಇರಬೇಕು, ಅದು ನನ್ನ ಜವಾಬ್ದಾರಿ. ಅದರ ಬೀಗ ಕೆಟ್ಟು ಒಂದು ತಿಂಗಳಾಗಿತ್ತು. ನಾಳೆ ಮಾಡಿಸೋಣ, ನಾಳೆ ಮಾಡಿಸೋಣ ಎಂದು ಬಿಟ್ಟಿದ್ದೆ. ಈ ಸಲದ ಆಷಾಢದಲ್ಲಿ ಯಲ್ಲಯ್ಯ ಎನ್ನುವ ಫಿಟ್ಟರು, ಇಪ್ಪತ್ತೆರಡು ವರ್ಷದ ಸರ್ವೀಸು, ನಮ್ಮ ಅಮೃತೂರಿನವರೇ, ಮೊಬೈಲು ಒಳಗೆ ಒಯ್ದು ನಕ್ಷೆಯ ಫೋಟೋ ತೆಗೆದರು. ಕದಿಯಲು ಅಲ್ಲ. ಕಣ್ಣು ಮಂಜಾಗಿದೆ, ಸಣ್ಣ ಅಂಕಿ ಕಾಣುವುದಿಲ್ಲ, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿಕೊಂಡರು. ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರು. ನಾನು ವರದಿ ಬರೆಯಲು ಕೂತೆ.

‘ಒಂದು ಸಾಲು ತಾನೇ ಭೀಮಣ್ಣ, ಬುಡು’ ಎಂದರು ಯಲ್ಲಯ್ಯ.

ನನ್ನ ಕೈ ನಿಂತುಹೋಯಿತು. ಬಿಡಬೇಕು ಅನ್ನಿಸಿತು. ಬಿಟ್ಟರೆ ನಾಳೆ ಆ ಬಾಗಿಲಲ್ಲಿ ಇನ್ನೊಬ್ಬನನ್ನು ಯಾವ ಬಾಯಿಂದ ತಡೆಯಲಿ? ಬರೆದೆ. ಬರೆದ ಮೇಲೆ ಆ ಮನುಷ್ಯನ ಮುಖ ನೋಡಲಾಗಲಿಲ್ಲ, ಏನಾದರೂ ಮಾತಾಡಬೇಕಲ್ಲ ಎಂದು ಬಾಯಿ ಬಿಟ್ಟೆ. ಏನು ಬಂತು ಗೊತ್ತೇ? ‘ಹೆಸರು ಸರಿಯಾಗಿದ್ಯಾ ನೋಡಿ ಯಲ್ಲಯ್ಯ’ ಎಂದು ಬಂತು.

ಹದಿನಾಲ್ಕು ವರ್ಷ ನಾನು ಆ ಮಾತನ್ನು ಸೊಕ್ಕು ಎಂದುಕೊಂಡಿದ್ದೆ. ಬೇರೆ ಮಾತು ಸಿಗದವನು ಆಡುವ ಮಾತು ಅದು ಎಂದು ನನಗೆ ಯಾಕೆ ಹೊಳೆಯಲಿಲ್ಲ? ಯಲ್ಲಯ್ಯನವರನ್ನು ಮೂರು ದಿನ ಸಸ್ಪೆಂಡ್ ಮಾಡಿದರು. ಈಗ ಗೇಟಿನಲ್ಲಿ ನಾನು ನಮಸ್ಕಾರ ಎಂದರೆ ಅವರು ಕೇಳಿಸದವರ ಹಾಗೆ ಹೋಗುತ್ತಾರೆ. ನನಗೆ ಬಹಳ ಸಂಕಟವಾಗುತ್ತದೆ.

ಅದಕ್ಕಿಂತ ನಾಚಿಕೆಯ ಸಂಗತಿ ಒಂದಿದೆ. ನನ್ನ ವರದಿಯಲ್ಲಿ ಒಂದೇ ಹೆಸರಿತ್ತು. ಪೆಟ್ಟಿಗೆಯ ಬೀಗದ ಮಾತು ನಾನು ಬರೆಯಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ರಂಗನಾಥನ ವರದಿಯಲ್ಲಿ ಎರಡು ಹೆಸರಿದ್ದವು. ಒಳಗಿನ ಕಂಪ್ಯೂಟರುಗಳಲ್ಲಿ ಪೆನ್ ಡ್ರೈವ್ ಚುಚ್ಚುವ ಜಾಗಕ್ಕೆ ಸೀಲು ಹಾಕಿಸುವುದು ಅವನ ಕೆಲಸ. ನನ್ನ ಕಂಪ್ಯೂಟರಿಗೆ ಮಾತ್ರ ಹಾಕಿರಲಿಲ್ಲ. ಯಾಕೆ? ನಾಳೆ ಹಾಕೋವಂತೆ ಬಿಡೋ ಎಂದು ನಾನೇ ಮೂರು ಸಲ ವಾಪಸ್ ಕಳಿಸಿದ್ದೆ. ಜೀವಮಾನದಲ್ಲಿ ಅವನು ಕಾರಣ ಕೇಳದೆ ಬಿಟ್ಟಿದ್ದ ಕಂಡಿ ಅದೊಂದೇ, ಅದು ನನ್ನದು. ವರದಿಯ ಎರಡನೇ ಸಾಲಿನಲ್ಲಿ ‘ಸೀಲು ಹಾಕಿಸದಿದ್ದುದು ನನ್ನ ತಪ್ಪು’ ಎಂದು ಬರೆದು ತನ್ನ ಹೆಸರು ಹಾಕಿದ್ದ. ಅವನ ಬಡ್ತಿ ಎರಡು ವರ್ಷ ನಿಂತುಹೋಯಿತು. ನನ್ನ ಹೆಸರು ಸರಿಯಾಗಿದೆಯೇ ಎಂದು ನೋಡಿದಾಗ ಆ ಹೆಸರನ್ನೂ ನಾನು ಅವತ್ತೇ ನೋಡಿದ್ದೆ. ಹೋಟೆಲಿನಲ್ಲಿ ಕಥೆ ಹೇಳುವಾಗ ಮಾತ್ರ ಆ ಸಾಲನ್ನು ನಾನು ಪ್ರತಿ ಸಲವೂ ಅಳಿಸಿಬಿಟ್ಟೆ.

ಸಂಧ್ಯಾ ಅವರೇ, ನೀವು ಕಣ್ಣೊರೆಸಿಕೊಳ್ಳಬೇಡಿ. ಇನ್ನೊಂದು ಇದೆ, ಅದನ್ನು ಹೇಳಿದರೆ ನೀವು ಬಯ್ಯುತ್ತೀರಿ.

ಇಷ್ಟೆಲ್ಲ ಆದ ಮೇಲೂ ಇವನು ಮದುವೆಗೆ ಬಂದ. ಎರಡು ಹಗಲು ರೈಲಿನಲ್ಲಿ ಬಂದ. ಅಮೃತೂರಿನ ಛತ್ರದಲ್ಲಿ ಅಕ್ಷತೆ ಹಾಕಿದ, ತಂಗಿಗೆ ಹಿತ್ತಾಳೆ ಬಿಂದಿಗೆ ಕೊಟ್ಟ, ನಾಲ್ಕನೇ ಸಾಲಿನ ಕುರ್ಚಿಯಲ್ಲಿ ಕೂತ. ಮನೆಯವರು ಬಂದು ಊಟಕ್ಕೆ ಏಳಿ ಎಂದು ಕರೆಯುವವರೆಗೆ ಮರ್ಯಾದಸ್ಥರು ಯಾರೂ ಪಂಕ್ತಿಗೆ ಹೋಗುವುದಿಲ್ಲ. ನಾನು ಆ ಸಾಲಿಗೆ ಹೋದೆ. ಅವನ ಎಡಗಡೆಯವರ ಕೈ ಹಿಡಿದು ಊಟಕ್ಕೆ ಏಳಿ ಎಂದೆ. ಬಲಗಡೆಯವರಿಗೆ ಊಟಕ್ಕೆ ಏಳಿ ಎಂದೆ. ಅವನು ನನ್ನ ಮುಖ ನೋಡಿದ. ನಾನು ಮುಂದಿನ ಸಾಲಿಗೆ ಹೋದೆ. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ.

ಧಾರೆ ಸೀರೆಯಲ್ಲೇ ಶಶಿಕಲಾ ಬಂದು, ‘ಅಣ್ಣ, ರಂಗಣ್ಣ ಊಟ ಮಾಡ್ಲಿಲ್ವಲ್ಲೋ’ ಎಂದಳು. ಹಸಿವಿಲ್ಲವಂತೆ ಎಂದೆ. ಸುಳ್ಳು ಕಣಮ್ಮ. ಮುಖ ತೋರಿಸಲಾಗದೆ ಓಡಿಹೋದ ಎಂದು ನಿಮಗೆಲ್ಲ ಹೇಳಿದೆನಲ್ಲ, ಅದೂ ಸುಳ್ಳು.

ಆಮೇಲೆ ಪ್ರತಿ ಯುಗಾದಿಗೆ ಇವನ ಫೋನು ಬರುತ್ತಿತ್ತು. ಹದಿನಾಲ್ಕು ಯುಗಾದಿ, ಹದಿನಾಲ್ಕು ಸಲ. ನಾನು ಪ್ರತಿ ಸಲ ಕಟ್ ಮಾಡಿದೆ. ಮನುಷ್ಯನಿಗೆ ಬೇಜಾರು ಎನ್ನುವುದು ಆಗಬೇಡವೇ? ಒಂದು ಸಲ ಬಿಟ್ಟುಬಿಡಬಾರದೇ? ಎಂಥ ತಲೆನೋವಿನ ಆಸಾಮಿ ಎಂದು ಈ ವರ್ಷದ ಯುಗಾದಿಯವರೆಗೂ ಬೈದುಕೊಂಡಿದ್ದೇನೆ.

ರಂಗ, ನೀನೇ ಮಾಡಿದ ಕಾನೂನು. ಮುಚ್ಚಿದ ಮೇಲೆ ಒಂದು ವಾರ ಯಾರೂ ಕೂಗದಿದ್ದರೆ ಅದು ಬೇಕಿಲ್ಲದ ದಾರಿ. ಯಾರಾದರೂ ಕೂಗಿದರೆ ಕ್ಷಮೆ ಕೇಳಿ, ಕಾರಣ ಬರೆದುಕೊಂಡು, ಆ ಕ್ಷಣವೇ ತೆರೆಯಬೇಕು. ನೀನು ಹದಿನಾಲ್ಕು ಸಲ ಕೂಗಿದೆ. ನಾನು ತಡ ಮಾಡಿದೆ. ತಪ್ಪಾಯಿತು ಕಣೋ.

ಪೇಟ ಸರಿಮಾಡಿಕೊಳ್ಳುವುದನ್ನು ನಿಲ್ಲಿಸು, ಮುಖ ಮುಚ್ಚಿಕೊಳ್ಳಲು ಅದು ಸಾಲುವುದಿಲ್ಲ.

ಅಧ್ಯಕ್ಷರೇ, ಐದು ನಿಮಿಷ ಕೊಟ್ಟಿದ್ದಿರಿ, ಎಷ್ಟು ತೆಗೆದುಕೊಂಡೆನೋ ಗೊತ್ತಿಲ್ಲ, ಕ್ಷಮಿಸಿ. ನನ್ನ ಹೆಸರನ್ನು ನನ್ನನ್ನು ಕೇಳದೆ ಅಚ್ಚು ಹಾಕಿಸಿದ ಅಂಜನಮೂರ್ತಿಯವರಿಗೆ ವಂದನೆ. ಚೀಟಿ ಕಳಿಸಿ ಸುಸ್ತಾದ ಭಾನುಪ್ರಿಯಾ ಮೇಡಂಗೆ ವಂದನೆ. ಇಷ್ಟು ಹೊತ್ತು ಹಸಿದು ಕೂತು ಕೇಳಿದ ನಿಮಗೆಲ್ಲರಿಗೂ ವಂದನೆ. ಅಡುಗೆಮನೆಯಿಂದ ಎಲೆ ಹಾಕಾಯಿತು ಎಂದು ಸನ್ನೆ ಮಾಡುತ್ತಿದ್ದಾರೆ. ಯಾರೂ ಗಡಿಬಿಡಿ ಮಾಡಬೇಡಿ, ನಿಮ್ಮೆಲ್ಲರನ್ನೂ ನಾನೇ ಬಂದು ಕರೆಯುತ್ತೇನೆ. ಅದಕ್ಕೆ ಮುಂಚೆ ಒಬ್ಬನನ್ನು ಕರೆಯುವುದಿದೆ.

ಏಳು ರಂಗ. ಊಟಕ್ಕೆ ಏಳು.

ನಮಸ್ಕಾರ.